ನೊರೆಹಣ್ಣು ಉಣಿಸಿದ ದಿನ

ಹಾಲಿನ ಕೆನೆ ತೆಗೆದು ಬೆಕ್ಕಿನ ಮುಂದೆ ಇಡುವವರನ್ನು ಕಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ನನ್ನ ಸೊಸೆ ನಿನ್ನೆ ಅದನ್ನೇ ಮಾಡಿದಳು. ನನ್ನ ಮುಖದಲ್ಲಿ ಏನೋ ಕಂಡಿರಬೇಕು. ಬೆಕ್ಕು ಒಂದು ಸಲ ನೆಕ್ಕಿ ನನ್ನನ್ನು ನೋಡಿತು, ಮತ್ತೊಂದು ಸಲ ನೆಕ್ಕಿ ಮತ್ತೆ ನೋಡಿತು. ಇಷ್ಟು ಕೆನೆಗೆ ಯಾಕತ್ತೆ ಇಷ್ಟು ಸಂಕಟ ಎಂದು ಸೊಸೆ ಕೇಳಿದಳು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ರೊಟ್ಟಿ ಸೀದ ವಾಸನೆ ಬಂತು, ಅವಳು ಒಲೆಯ ಕಡೆ ಓಡಿದಳು. ನಿಮ್ಮ ಒಲೆಯ ಮೇಲೆ ಸದ್ಯಕ್ಕೆ ಏನೂ ಇಲ್ಲವೆಂದುಕೊಂಡು ನಿಮಗೇ ಹೇಳುತ್ತೇನೆ.

ಕೆನೆ ಎಂದರೆ ನನಗೆ ನೊರೆಹಣ್ಣು. ಆ ಹೆಸರನ್ನು ನೀವು ಕೇಳಿರಲಾರಿರಿ, ಏಕೆಂದರೆ ಅದು ನಾನೇ ಇಟ್ಟದ್ದು. ಮಾಗಿದ ಮಾವಿನ ರಸವನ್ನು ಬಟ್ಟೆಯಲ್ಲಿ ಸೋಸಿ, ಕಲ್ಲುಸಕ್ಕರೆ ಕುಟ್ಟಿ ಬೆರೆಸಬೇಕು. ಕೆನೆಯನ್ನು ಕಡೆಗೋಲಿನಲ್ಲಿ ನೊರೆ ಏಳುವಂತೆ ಕಡೆಯಬೇಕು. ಎರಡನ್ನೂ ನೊರೆ ಒಡೆಯದಂತೆ ಹಗುರವಾಗಿ ಕೂಡಿಸಿ ತಣ್ಣಗೆ ಮಾಡಬೇಕು. ಕೇಳುವುದಕ್ಕೆ ಇಷ್ಟೇ. ಆದರೆ ನಮ್ಮ ಸೀಮೆಯ ಮಾವಿನ ಕಾಲದಲ್ಲಿ, ಬಾವಿಯ ನೀರೂ ಬೆಚ್ಚಗಿರುವ ಬಿಸಿಲಿನಲ್ಲಿ, ತಣ್ಣಗೆ ಮಾಡುವುದು ಎಂದರೆ ಹೇಗೆ ಎಂದು ನೀವು ಕೇಳುತ್ತೀರಿ. ನಾನೂ ಹಾಗೇ ಕೇಳಿದ್ದೆ.

ನಮ್ಮಪ್ಪ ಹಿರೋಡೆಯಲ್ಲಿ ಬಡಗಿ. ಆಗ ಊರ ಪಕ್ಕದ ಬಂಡೆಗಳ ಹತ್ತಿರ, ಸುಲ್ತಾನರ ಚಾಕರಿಗೆ ಬಂದಿದ್ದ ಪರಂಗಿಯವರ ಬಿಡಾರವಿತ್ತು. ಅಪ್ಪ ಅವರ ಗಾಡಿಗಳಿಗೆ ಚಕ್ರ ಕೂರಿಸುತ್ತಿದ್ದ, ನಾನು ಬುತ್ತಿ ಒಯ್ಯುವ ನೆಪದಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ಬುತ್ತಿ ಕೊಡುವುದಕ್ಕೆ ಒಂದು ಗಳಿಗೆ ಸಾಕು, ನನಗೆ ಅರ್ಧ ದಿನ ಬೇಕಾಗುತ್ತಿತ್ತು. ಅವರ ಅಡುಗೆಯವನು ಗೋವೆ ಕಡೆಯವನು. ಒಂದು ಬಾನಿಯಲ್ಲಿ ನೀರು ತುಂಬಿ, ಅದಕ್ಕೆ ಹಿಡಿ ಹಿಡಿಯಾಗಿ ಪೆಟ್ಲುಪ್ಪು ಹಾಕಿ, ಅದರಲ್ಲಿ ಒಂದು ಉದ್ದ ಕತ್ತಿನ ಪಾತ್ರೆಯನ್ನು ಇಟ್ಟು ಮೊಸರು ಕಡೆದ ಹಾಗೆ ತಿರುಗಿಸುತ್ತಿದ್ದ. ಪೆಟ್ಲುಪ್ಪು ಎಂದರೆ ತುಪಾಕಿಯ ಮದ್ದಿಗೆ ಹಾಕುವ ಉಪ್ಪು. ಸುಟ್ಟರೆ ಢಂ ಎನ್ನುವ ಪದಾರ್ಥ ನೀರಿಗೆ ಬಿದ್ದರೆ ಮಂಜಿನಂತೆ ಕೊರೆಯುತ್ತದೆ ಎನ್ನುವುದನ್ನು ನಾನು ಕೈ ಅದ್ದಿ ನೋಡಿದ ಮೇಲೇ ನಂಬಿದ್ದು. ಪಾತ್ರೆಯೊಳಗಿನದನ್ನು ಅವನು ಒಂದು ಎಲೆಯ ಚೂರಿನ ಮೇಲೆ ನನಗೂ ಹಾಕಿದ. ನಾಲಿಗೆಯ ಮೇಲೆ ಮಾಗಿಯ ಬೆಳಗು ಇಳಿದಂತಾಯಿತು. ಅದು ಏನೆಂದು ಸನ್ನೆಯಲ್ಲಿ ಕೇಳಿದೆ. ಬಾಳೆಹಣ್ಣು ತೋರಿಸಿದ, ಸಕ್ಕರೆ ತೋರಿಸಿದ, ಆಮೇಲೆ ಬುಟ್ಟಿಯಿಂದ ಒಂದು ಕೋಳಿಮೊಟ್ಟೆಯನ್ನು ಎತ್ತಿ ಹೆಮ್ಮೆಯಿಂದ ತೋರಿಸಿದ.

ನಾವು ಆಚಾರಿಗಳು, ಜನಿವಾರದ ಮನೆ. ನಾನು ಅಳುತ್ತಾ ಮನೆಗೆ ಹೋಗಿ ಅಮ್ಮನಿಗೆ ಹೇಳಿಬಿಟ್ಟೆ. ಅಮ್ಮ ನನ್ನ ತಲೆಯ ಮೇಲೆ ಎಷ್ಟು ಬಿಂದಿಗೆ ನೀರು ಸುರಿದಳೆಂದರೆ ಮೊಟ್ಟೆ ತೊಳೆದು ಹೋಯಿತೋ ಇಲ್ಲವೋ, ನನ್ನ ಕಿವಿ ಮಾತ್ರ ಸೋರತೊಡಗಿತು. ಆದರೆ ನಾಲಿಗೆಯ ಮೇಲಿನ ಆ ತಂಪು ತೊಳೆದು ಹೋಗಲಿಲ್ಲ. ಮೊಟ್ಟೆಯ ಬದಲು ಕೆನೆ ಹಾಕಿದರೆ ಹೇಗೆ ಎಂಬ ಯೋಚನೆ ಅವತ್ತು ತಲೆ ಒರೆಸಿಕೊಳ್ಳುವಾಗಲೇ ನನಗೆ ಬಂದಿತ್ತು.

ನಾಗಮಂಗಲದ ಕಂಚುಗಾರರ ಕೇರಿಗೆ ನನ್ನನ್ನು ಕೊಟ್ಟಾಗ ಆ ಯೋಚನೆಯೂ ನನ್ನ ಜೊತೆ ಗಾಡಿ ಹತ್ತಿತು. ಹೊಸದರಲ್ಲಿ ಕೆನೆ ಕಡೆಯಲು ಹೋಗಿ ನಾನು ಮಾಡಿದ್ದೆಲ್ಲ ಬೆಣ್ಣೆ. ಕಡೆಗೋಲು ಎರಡು ಸುತ್ತು ಹೆಚ್ಚು ತಿರುಗಿದರೆ ಮುಗಿಯಿತು, ನೊರೆ ಹೋಗಿ ಬೆಣ್ಣೆ ಬಂದು ಕೂರುತ್ತದೆ. ರಸ ಕೂಡಿಸಿ ಮಾವಿನ ಬಣ್ಣಕ್ಕೆ ತಿರುಗಿದ ಆ ಬೆಣ್ಣೆಯನ್ನು ನೋಡಿ ನಮ್ಮತ್ತೆ, ಇದನ್ನು ತಿನ್ನಬೇಕೋ ತಲೆಗೆ ಹಚ್ಚಿಕೊಳ್ಳಬೇಕೋ ಎಂದು ಕೇಳಿದ್ದರು. ಅವರು ಇರುವವರೆಗೆ ನನ್ನ ನೊರೆಹಣ್ಣು ಒಂದು ಸಲವೂ ಸರಿಯಾಗಿ ಬರಲಿಲ್ಲ. ಅವರು ಹೋದ ಮೇಲೆ ಬಂತು, ತಂಪೊಂದನ್ನು ಬಿಟ್ಟು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಅತ್ತೆಯ ಕಣ್ಣು ಬಿದ್ದಿತ್ತು ಎಂದುಕೊಂಡೆ.

ಆ ಮನೆಯ ಗಂಡಸರ ವಿಷಯ ಈಗ ಹೇಳಬೇಕು. ಇಬ್ಬರು ಅಣ್ಣತಮ್ಮಂದಿರು. ಅಣ್ಣ ಬಸವಾಚಾರಿ, ನನಗೆ ಭಾವನವರು. ತಮ್ಮ ಸಿದ್ದಾಚಾರಿ, ನಮ್ಮ ಯಜಮಾನರು. ದೇವರ ವಿಗ್ರಹಗಳನ್ನು ಎರಕ ಹೊಯ್ಯುವ ಮನೆ ಅದು. ಮೇಣದಲ್ಲಿ ದೇವರನ್ನು ತಿದ್ದುವ ಕೈ ನಮ್ಮ ಯಜಮಾನರದು, ಮೂಸೆಯಲ್ಲಿ ಕಂಚು ಹದಕ್ಕೆ ಬಂದದ್ದನ್ನು ಕಂಡುಹಿಡಿಯುವ ಕಣ್ಣು ಭಾವನವರದು. ಮೇಣದ ಸುತ್ತ ಮಣ್ಣು ಮೆತ್ತಿ, ಕಾಯಿಸಿ, ಮೇಣ ಕರಗಿ ಹೋದ ಜಾಗಕ್ಕೆ ಕಂಚು ಹೊಯ್ಯುವಾಗ ಇಬ್ಬರೂ ಒಂದು ಇಕ್ಕಳದ ಎರಡು ಕಡ್ಡಿಗಳಂತೆ ಇರುತ್ತಿದ್ದರು. ನಮ್ಮ ಮಾವನವರು ಅವರಿಗೆ ಕಲಿಸಿದ ಮೊದಲ ಪಾಠ ಒಂದಿತ್ತು. ಎರಕದಲ್ಲಿ ತೂತು ಕಂಡರೆ ಕಂಡವನು ಆಗಲೇ ಹೇಳಬೇಕು. ಹೊರಗಿನವರ ಕೆಲಸ ನೋಡಿದರೆ ಚೆನ್ನಾಗಿದೆ ಎಂದು ಹೇಳಿ ಬಂದುಬಿಡುವುದು, ಮನೆಯವನ ಕೆಲಸವಾದರೆ ಬೆರಳ ಗೆಣ್ಣಿನಿಂದ ಬಡಿದು ತೋರಿಸುವುದು. ಭಾವನವರು ತಮ್ಮನ ಒಂದೊಂದು ವಿಗ್ರಹವನ್ನೂ ಹೀಗೆ ಬಡಿದು, ಇಲ್ಲಿ ನೋಡ್ಲಾ, ಇಲ್ಲಿ ನೋಡ್ಲಾ ಎಂದು ಪ್ರಾಣ ತೆಗೆಯುತ್ತಿದ್ದರು. ನಮ್ಮ ಯಜಮಾನರು ಗೊಣಗುತ್ತಿದ್ದರು. ಆದರೆ ಅಣ್ಣ ಒಂದು ದಿನ ಬಡಿಯದಿದ್ದರೆ ಊಟ ಸೇರುತ್ತಿರಲಿಲ್ಲ.

ಸುಲ್ತಾನರ ಮೇಲೆ ಯುದ್ಧಕ್ಕೆ ಬಂದ ದಂಡು ನಾಗಮಂಗಲದ ಮೇಲೆ ಹಾದು ಹೋದ ಮೇಲೆ ಊರು ಊರಾಗಿ ಉಳಿದಿರಲಿಲ್ಲ. ತೋಟಗಳು ಹೋದವು, ದೇವರು ಮಾಡಿಸುವವರು ಹೋದರು. ಆಗ ಸುಲ್ತಾನರ ಪಟ್ಟಣದ ಪಿರಂಗಿ ಎರಕದ ಕಾರ್ಖಾನೆಗೆ ಕೈ ಬಲ್ಲವರು ಬೇಕೆಂದು ಕರೆ ಬಂತು, ಭಾವನವರು ಹೊರಟರು. ದೇವರ ಕಂಚು ಕರಗಿಸಿದ ಕೈಯಲ್ಲಿ ಪಿರಂಗಿ ಮಾಡುತ್ತೀಯಾ ಎಂದು ತಮ್ಮ ಕೇಳಿದರು. ಬೆಂಕಿಗೆ ಎರಡೂ ಒಂದೇ ಎಂದು ಅಣ್ಣ ಹೇಳಿದರು. ಅಷ್ಟೇ ಜಗಳ. ಅಷ್ಟಕ್ಕೇ ವರ್ಷಗಟ್ಟಲೆ ಮಾತು ನಿಂತಿತು. ಅಣ್ಣನಿಲ್ಲದೆ ನಮ್ಮ ಯಜಮಾನರು ಹೊಯ್ದ ವಿಗ್ರಹಗಳು ಒಂದಲ್ಲ ಒಂದು ಕಡೆ ಸೊಟ್ಟಗಾದವು, ಅವರು ಗಂಟೆ, ಗೆಜ್ಜೆ ಮಾಡಿಕೊಂಡು ಕೂತರು.

ನಮ್ಮ ಓರಗಿತ್ತಿ ಪುಟ್ಟಕ್ಕ, ಅಂದರೆ ಭಾವನವರ ಹೆಂಡತಿ, ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಆ ಸಲ ಬಂದಾಗ ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದಳು. ಪಟ್ಟಣದ ಮೇಲೆ ಮತ್ತೆ ಯುದ್ಧ ಬರುವ ಮಾತು ಎಲ್ಲರ ಬಾಯಲ್ಲಿದೆಯಂತೆ. ಭಾವನವರಿಗೆ ಆ ದೊಡ್ಡ ಕುಲುಮೆಯ ಮುಂದೆ ನಿಂತು ನಿಂತು ಉಷ್ಣವಾಗಿ ಬಾಯೆಲ್ಲ ಹುಣ್ಣಾಗಿದೆಯಂತೆ. ಊರಿಗೆ ಬರುವ ಮನಸ್ಸಿದೆ, ಆದರೆ ಬರುವ ಹಾಗಿಲ್ಲ. ನಮ್ಮ ಜನರಲ್ಲಿ ಕುಲುಮೆ ಬಿಟ್ಟು ಹೋದವನು ತಾನಾಗಿ ಬಂದು ಕೂರುವಂತಿಲ್ಲ. ಬೆಂಕಿ ಆರಗೊಡದೆ ಉಳಿದವನು ಇಕ್ಕಳವನ್ನು ಅವನ ಕೈಗೆ ಕೊಟ್ಟು ಕರೆಯಬೇಕು. ನಮ್ಮ ಯಜಮಾನರು ಕರೆಯಬೇಕು, ಭಾವನವರು ಬರಬೇಕು, ಯುದ್ಧ ಅದಕ್ಕಿಂತ ಮೊದಲು ಬರಬಾರದು. ನಮ್ಮಿಬ್ಬರ ಆಸೆ ಇಷ್ಟೇ.

ನಾನು ಯಜಮಾನರಿಗೆ ಹೇಳಿದೆ. ಕರೆಯಲು ನನಗೇನೂ ಅಡ್ಡಿಯಿಲ್ಲ, ಮಾತೇ ಬರುವುದಿಲ್ಲ ಎಂದರು. ಬಾಯಿಹುಣ್ಣಿನ ವಿಷಯ ಕೇಳಿ ಮಾತ್ರ ಕೈಯಲ್ಲಿದ್ದ ಗೆಜ್ಜೆ ಕೆಳಗಿಟ್ಟರು. ಆಮೇಲೆ, ನೀನು ಹಿರೋಡೆಯಲ್ಲಿ ಏನೋ ತಣ್ಣಗಿರುವುದನ್ನು ತಿಂದಿದ್ದೆಯಲ್ಲ, ಅದಕ್ಕೆ ಎಂಥ ಪಾತ್ರೆ ಬೇಕು ಎಂದು ಕೇಳಿದರು. ಬಾಯಲ್ಲಿ ಕರೆಯಲಾರದ ಮನುಷ್ಯ ಪಾತ್ರೆ ಮಾಡಲು ಕೂತರು. ನೀರಿನ ಬಿಂದಿಗೆ ಮಾಡುವವರು ತಗಡು ಬಡಿದು ಮಾಡುತ್ತಾರೆ. ಇವರು ದೇವರನ್ನು ಮಾಡುವ ಹಾಗೆ ಮೇಣದಲ್ಲಿ ತಿದ್ದಿ ಎರಕ ಹೊಯ್ದರು. ಉದ್ದ ಕತ್ತು, ಹೊಟ್ಟೆಯ ಸುತ್ತ ಒಂದು ಬಳ್ಳಿ, ಬಳ್ಳಿಗೆ ಎಲೆ. ಅಣ್ಣನಿಲ್ಲದೆ ಅವರು ಹೊಯ್ದ ಎರಕಗಳಲ್ಲಿ ಸೊಟ್ಟಗಾಗದೆ ಬಂದದ್ದು ಅದೊಂದೇ.

ಪೆಟ್ಲುಪ್ಪು ತರುವುದು ನನ್ನ ಪಾಲಿಗೆ ಬಂತು. ಯುದ್ಧದ ಮಾತು ಎದ್ದ ಮೇಲೆ ಅದನ್ನು ಕಂಡಲ್ಲಿ ಕೊಳ್ಳುವಂತಿರಲಿಲ್ಲ. ತವರಿಗೆ ಹೋಗಿ, ಚಿನಕುರಳಿಯ ಕಡೆ ಹಾಳೂರಿನ ಮಣ್ಣು ಕುದಿಸಿ ಉಪ್ಪು ತೆಗೆಯುವವರ ಹೆಂಗಸೊಬ್ಬಳನ್ನು ಹಿಡಿದೆ. ಏತಕ್ಕೆ ಎಂದು ಕೇಳಿದಳು. ಹಣ್ಣು ತಣ್ಣಗೆ ಮಾಡಲು ಎಂದೆ. ನನ್ನ ಮುಖವನ್ನೇ ನೋಡಿ, ಪಾಪ ಎಂದು ಕೊಟ್ಟಳು. ಅದನ್ನು ಸೀರೆಯ ಗಂಟಿನಲ್ಲಿ ಕಟ್ಟಿಕೊಂಡು, ದಾರಿಯಲ್ಲಿ ಯಾರಾದರೂ ಚಿಲುಮೆ ಹಚ್ಚಿದರೆ ಮಾರು ದೂರ ಸರಿಯುತ್ತಾ, ಪಿರಂಗಿಯೇ ನಡೆದು ಬರುತ್ತಿರುವಂತೆ ಊರಿಗೆ ಬಂದೆ. ಮದ್ದಾಗುವುದಕ್ಕೆ ಅದಕ್ಕೆ ಇನ್ನೂ ಏನೇನೋ ಸೇರಬೇಕೆಂದು ನನಗೆ ಗೊತ್ತಾದದ್ದು ಆಮೇಲೆ.

ಮಾವು ಹಣ್ಣಾದಾಗ ಒಂದು ಹೊತ್ತಿನ ಊಟಕ್ಕೆಂದು ಪುಟ್ಟಕ್ಕ ಭಾವನವರನ್ನು ಹೊರಡಿಸಿಕೊಂಡು ಬಂದಳು. ಬೆಳಿಗ್ಗೆಯೇ ನಮ್ಮ ಯಜಮಾನರು ಮಾವನವರ ಇಕ್ಕಳಕ್ಕೆ ಎಣ್ಣೆ ಒರೆಸಿ ಕುಲುಮೆಯ ಬಾಗಿಲಿಗೆ ಒರಗಿಸಿ ಇಟ್ಟಿದ್ದರು. ಊಟವಾದ ಮೇಲೆ ಅದನ್ನು ಅಣ್ಣನ ಕೈಗೆ ಕೊಡುವುದೆಂದು ನನ್ನ ಹತ್ತಿರ ಹೇಳಿರಲಿಲ್ಲ, ಹೇಳುವುದೂ ಬೇಕಿರಲಿಲ್ಲ. ನಾನು ಬಾನಿಯ ಮುಂದೆ ಕೂತು ಪಾತ್ರೆ ತಿರುಗಿಸಿದೆ. ಪಾತ್ರೆಯ ಕತ್ತಿನ ಮೇಲೆ ಸಣ್ಣ ಬೆವರು ಮೂಡಿತು. ಒಳಗೆ ನೊರೆ ಗಟ್ಟಿಯಾಗಿ ಕೂತಿತ್ತು. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಅದು ಎಂದೂ ಬಂದಿರಲಿಲ್ಲ.

ಭಾವನವರ ಎದುರು ನಾನು ನಿಲ್ಲುವಂತಿಲ್ಲ, ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಯಜಮಾನರು ತಾವು ಉಣ್ಣಲು ಕೂರದೆ ಅಣ್ಣನಿಗೆ ತಾವೇ ಬಡಿಸಿದರು. ಕೊನೆಗೆ ಪಾತ್ರೆಯನ್ನೇ ತಂದು ಎಲೆಯ ಪಕ್ಕದಲ್ಲಿ ಇಟ್ಟು ನೊರೆಹಣ್ಣು ಹಾಕಿದರು. ಭಾವನವರು ಒಂದು ತುತ್ತು ಬಾಯಿಗಿಟ್ಟರು. ಕೈ ಅಲ್ಲೇ ನಿಂತಿತು. ಕಣ್ಣು ಪಾತ್ರೆಯ ಹೊಟ್ಟೆಯ ಮೇಲಿನ ಬಳ್ಳಿಯ ಕಡೆ ಹೋಯಿತು, ಅಲ್ಲಿಂದ ತಮ್ಮನ ಮುಖಕ್ಕೆ ಬಂತು. ಯಜಮಾನರು ಸೌಟು ಹಿಡಿದೇ ನಿಂತಿದ್ದರು. ಆಮೇಲೆ ಭಾವನವರು ತಲೆ ತಗ್ಗಿಸಿ ಎಲೆಯಲ್ಲಿದ್ದುದನ್ನು ಪೂರಾ ತಿಂದರು.

“ತಣ್ಗದೆ ಕಣ್ಲಾ” ಎಂದರು. “ಚೆಂದಾಗದೆ. ಇನ್ನೊಸಿ ಆಕು.”

ವರ್ಷಗಳ ಮೇಲೆ ಅಣ್ಣ ಆಡಿದ ಮಾತು ಅದು. ಯಜಮಾನರು ಬಡಿಸುವ ಆತುರದಲ್ಲಿ ಎಲೆಯ ಆಚೆಗೂ ಒಂದಿಷ್ಟು ಚೆಲ್ಲಿದರು. ನನಗೆ ಕುಣಿಯಬೇಕು ಎನ್ನಿಸಿತು. ಪುಟ್ಟಕ್ಕ ನನ್ನ ಕೈ ಹಿಡಿದು ಹಿಸುಕಿದಳು.

ಭಾವನವರು ಕೈ ತೊಳೆದು ಜಗಲಿಯ ಮೇಲೆ ಅಡ್ಡಾದ ಮೇಲೆ ಯಜಮಾನರು ಉಣ್ಣಲು ಕೂತರು. ನೊರೆಹಣ್ಣನ್ನು ಬಾಯಿಗೆ ಇಟ್ಟವರು ಉಗುಳಲೂ ಇಲ್ಲ, ನುಂಗಲೂ ಇಲ್ಲ. ನಾನು ಬೆರಳಿಗೆ ತೆಗೆದುಕೊಂಡು ನೋಡಿದೆ. ಉಪ್ಪು. ಅಡುಗೆಯ ಉಪ್ಪಲ್ಲ, ನಾಲಿಗೆಯನ್ನು ಹಿಂಡಿ ಕಹಿ ಬಿಡುವ ಪೆಟ್ಲುಪ್ಪು. ಉಪ್ಪಿಗಿಂತ ರುಚಿಯಿಲ್ಲ ಎಂದವರು ಅದನ್ನು ನೆಕ್ಕಿರಲಿಕ್ಕಿಲ್ಲ. ಯಜಮಾನರು ಎದ್ದು ಪಾತ್ರೆಯನ್ನು ಬೆಳಕಿಗೆ ಹಿಡಿದು, ಬಳ್ಳಿಯ ಒಂದು ಎಲೆಯ ಬುಡದಲ್ಲಿ ಉಗುರು ಆಡಿಸಿದರು. ಸೂಜಿಯ ಮೊನೆಯಷ್ಟು ತೂತು.

ವಿಗ್ರಹದಲ್ಲಿ ಇಂಥ ತೂತು ಬಂದರೆ ಕಂಚಿನ ಪುಡಿ ಬೆರೆಸಿದ ಅರಗು ತುಂಬಿ ಉಜ್ಜಿಬಿಡುತ್ತಾರೆ. ದೇವರಿಗೆ ಅದೇನೂ ತೊಂದರೆಯಲ್ಲ, ದೇವರು ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಕೂರುವುದಿಲ್ಲ. ಇವರೂ ಹಾಗೇ ತುಂಬಿ, ನೀರು ಹಾಕಿ ಸೋರುವುದಿಲ್ಲವೆಂದು ನೋಡಿಕೊಂಡಿದ್ದರು. ಆ ಕೊರೆಯುವ ತಂಪಿಗೆ ಅರಗು ಮುದುಡಿ ಬಿರಿಯುತ್ತದೆ ಎನ್ನುವುದು ಬಿಂದಿಗೆ ಬಡಿಯುವವರಿಗಾದರೂ ಹೊಳೆಯುತ್ತಿತ್ತೇನೋ, ದೇವರನ್ನು ಮಾಡುವವರಿಗೆ ಹೊಳೆಯಲಿಲ್ಲ. ಬಾನಿಯ ನೀರು ಒಳಗೆ ಜಿನುಗಿತ್ತು.

ಹೋದರೆ ಹೋಗಲಿ, ಇನ್ನೊಮ್ಮೆ ಮಾಡಿದರಾಯಿತು ಎಂದೆ. ಅವರು ನನ್ನನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ.

“ಅವ್ನಿಗೆ ಬಾಯ್ಗಿಟ್ಟ ತಕ್ಷಣ ಗೊತ್ತಾಗೈತೆ ಕಣೇ. ತೂತ್ ಎಲ್ಲೈತೆ ಅಂತಾನೂ ಕಂಡವ್ನೆ. ಕಂಡೂ ಚೆಂದಾಗದೆ ಅಂದ. ಮನೆಯೋನಾದ ನನ್ನ ಒರಗ್ನೋನ್ ಮಾಡ್ಬುಟ್ಟ.”

ಅಣ್ಣ ತಮ್ಮನ ಮರ್ಯಾದೆ ಉಳಿಸಲು ಹಾಗೆ ಹೇಳಿರಬಹುದಲ್ಲ ಎಂದೆ. ಬಡಗಿಯ ಮಗಳಿಗೆ ಎರಕದ ಮನೆಯ ಮಾತು ಏನು ಗೊತ್ತು ಎಂದರು. ನನಗೂ ಸಿಟ್ಟು ಬಂತು, ಎಲೆ ಎತ್ತಿಕೊಂಡು ಒಳಗೆ ಹೋದೆ.

ಬಿಸಿಲು ಇಳಿಯಿತು. ಭಾವನವರು ಹೊರಡುವುದಕ್ಕೆ ಮೊದಲು ಕುಲುಮೆಯ ಬಾಗಿಲಿಗೆ ಹೋಗಿ ನಿಂತರು. ಒಳಗೆ ಒಂದು ಸಲ ಇಣುಕಿದರು. ತಿದಿಯ ಚರ್ಮ ಹಳೆಯದಾಗಿದೆ ಎಂದರು. ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿದರು. ನೋಡಲು ಇನ್ನೇನೂ ಉಳಿಯದಿದ್ದಾಗ ಗಾಡಿಯ ಎತ್ತುಗಳನ್ನು ನೋಡಿದರು. ಆ ಹೊತ್ತಿಗೆ ಇಕ್ಕಳ ಬಾಗಿಲ ಹತ್ತಿರ ಇರಲಿಲ್ಲ. ಯಜಮಾನರು ಅದನ್ನು ಒಳಗಿನ ಮೊಳೆಗೆ ನೇತುಹಾಕಿ ಬಂದಿದ್ದರು. ಹೋಗಿ ಬನ್ನಿ ಎಂದರು ಅಣ್ಣನಿಗೆ, ಯಾರೋ ದೊಡ್ಡ ಮನುಷ್ಯರಿಗೆ ಹೇಳುವಂತೆ. ಗಾಡಿ ಹೋಯಿತು.

ಆಮೇಲೆ ಅವರ ಸಿಟ್ಟು ಇಳಿಯದೆ ಇರಲಿಲ್ಲ. ಹಾಗೆ ಸಿಟ್ಟು ಹಿಡಿದು ಕೂರುವ ಮನುಷ್ಯರಲ್ಲ. ಮಳೆ ನಿಲ್ಲಲಿ, ಪಟ್ಟಣಕ್ಕೆ ಹೋಗಿ ಬರುತ್ತೇನೆ ಎಂದರು. ಮಳೆ ನಿಂತಿತು. ರಾಗಿ ಕೊಯ್ಲು ಮುಗಿಯಲಿ ಎಂದರು. ರಾಗಿ ಕಣಕ್ಕೆ ಬಂತು. ಸಂಕ್ರಾಂತಿ ಕಳೆಯಲಿ ಎಂದರು. ನಾನೂ ಹೂಂ ಎನ್ನುತ್ತಾ ಹೋದೆ. ಅಣ್ಣ ಎಲ್ಲಿಗೆ ಹೋಗುತ್ತಾನೆ, ಪಟ್ಟಣ ಎಲ್ಲಿಗೆ ಹೋಗುತ್ತದೆ ಎಂದು ನಾವಿಬ್ಬರೂ ತಿಳಿದಿದ್ದೆವು. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೇ ದಾರಿಗಳು ಮುಚ್ಚಿದವು. ದಂಡುಗಳು ಬಂದವು. ಮರದಲ್ಲಿ ಮಾವು ಬಲಿಯುವ ಹೊತ್ತಿಗೆ ಪಟ್ಟಣದ ಕಡೆಯಿಂದ ದಿನವಿಡೀ ಗುಡುಗು, ಆಕಾಶದಲ್ಲಿ ಒಂದು ಮೋಡವಿಲ್ಲ. ಗುಡುಗು ಕೇಳಿಸಿದಾಗಲೆಲ್ಲ ಯಜಮಾನರು ಕೆಲಸ ನಿಲ್ಲಿಸಿ ಕೂರುತ್ತಿದ್ದರು. ಯಾವ ಕಡೆಯ ಪಿರಂಗಿ ಅದು, ಅಣ್ಣ ಹೊಯ್ದದ್ದೋ ಅಲ್ಲವೋ ಎಂದು ಕೇಳುತ್ತಿದ್ದರೋ ಏನೋ. ಒಂದು ದಿನ ಅದೂ ನಿಂತಿತು.

ಪಟ್ಟಣ ಬಿತ್ತು. ಪುಟ್ಟಕ್ಕ ಒಬ್ಬಳೇ ನಡೆದುಕೊಂಡು ಬಂದಳು. ಕಾರ್ಖಾನೆಯ ಗೋಡೆ ಕುಸಿದಾಗ ಭಾವನವರು ಒಳಗಿದ್ದರು. ಅಷ್ಟನ್ನು ಹೇಳಿ ಅವಳು ಬಾಗಿಲಲ್ಲೇ ಕೂತುಬಿಟ್ಟಳು. ಒಳಗೆ ಕರೆದುಕೊಂಡೆವು. ಅಂದಿನಿಂದ ಅವಳು ನಮ್ಮಲ್ಲೇ ಉಳಿದಳು.

ದುಃಖದ ಕಾವು ಸ್ವಲ್ಪ ಇಳಿದ ಮೇಲೆ ಒಂದು ಮಧ್ಯಾಹ್ನ ನಾವಿಬ್ಬರೂ ರಾಗಿ ಕೇರುತ್ತಾ ಕೂತಿದ್ದೆವು. ಯಜಮಾನರು ಗೋಡೆಯ ಆಚೆ ಅರದಿಂದ ಗೆಜ್ಜೆ ಉಜ್ಜುತ್ತಿದ್ದರು. ನಾನು ತಡೆಯಲಾರದೆ ಕೇಳಿದೆ, ಅವತ್ತು ಭಾವನವರು ತೂತಿನ ವಿಷಯ ಯಾಕಕ್ಕ ಹೇಳಲಿಲ್ಲ ಎಂದು. ಅವಳು ಮೊರ ಕೆಳಗಿಟ್ಟಳು. ಅದನ್ನು ತಿನ್ನುವಾಗ ಬಾಯಿಯ ಹುಣ್ಣಿಗೆಲ್ಲ ಉಪ್ಪು ತಗುಲಿ ಪ್ರಾಣ ಹೋಗಿತ್ತಂತೆ. ಗಾಡಿ ಊರ ಬಾಗಿಲು ದಾಟುವ ತನಕ ಕಣ್ಣಲ್ಲಿ ನೀರಿತ್ತಂತೆ. ಆಮೇಲೆ ತಾವಾಗಿಯೇ ನಕ್ಕು ಹೇಳಿದರಂತೆ.

“‘ಅಷ್ಟ್ ಆಸೆಯಿಂದ ಬಡುಸ್ತಾ ನಿಂತವ್ನೆ, ಉಣ್ಣೋ ಎಲೆ ಮುಂದೆ ತೂತು ತೋರ್ಸಕ್ಕಾಯ್ತದಾ’ ಅಂದ್ರು ಕಣವ್ವ. ‘ಅವ್ನು ಇಕ್ಳ ಕೊಡ್ಲಿ ಬುಡು. ಕೊಟ್ಟಿದ್ ದಿನ ಒಳೀಕ್ ಓಗಿ ಮೊದ್ಲು ಬಡಿಯೋದೇ ಆ ಎಲೆ ಬುಡ್ವ’ ಅಂದ್ರು.”

ಗೋಡೆಯ ಆಚೆ ಅರದ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಯಜಮಾನರು ಬಂದು ಬಾಗಿಲಲ್ಲಿ ನಿಂತರು. ಕೈಯೆಲ್ಲ ಕಂಚಿನ ಪುಡಿ. ನನ್ನ ಕಡೆ ನೋಡಲಿಲ್ಲ. ಬೈಸಿಕೊಳ್ಳಲು ಬಂದ ಮಗುವಿನಂತೆ ತಲೆ ತಗ್ಗಿಸಿ, ಪುಟ್ಟಕ್ಕನ ಮುಂದೆ ನೆಲದ ಮೇಲೆ ಕೂತರು.

“ಇನ್ನೊಂದ್ ದಪ ಏಳಿ ಅತ್ಗೆ” ಎಂದರು.

ಅವಳು ಹೇಳಿದಳು. ಮುಗಿದ ಮೇಲೆ ಅವರು ಏಳಲಿಲ್ಲ, ಇನ್ನೊಮ್ಮೆ ಕೇಳಿದರು. ಅವಳು ಮತ್ತೆ ಮೊದಲಿನಿಂದ ಹೇಳಿದಳು.